ಕಾಗವಾಡದ ಗೆರೆ

ಹಾಲಿನ ಪಾತ್ರೆಯ ಮುಚ್ಚಳದ ಮೇಲಿಟ್ಟ ಫೋನು ನಡುಗಿತು. ಸಣ್ಣ ಸದ್ದು, ಡಬ್ಬಿಯೊಳಗೆ ಸಿಕ್ಕಿಬಿದ್ದ ನೊಣದಂಥದ್ದು. ಗಂಟೆ ಬಾರಿಸಿದರೆ ಮನೆಯೆಲ್ಲ ಏಳುತ್ತದೆ, ದಿಂಬಿನ ಕೆಳಗಿಟ್ಟರೆ ತನಗೇ ಕೇಳಿಸುವುದಿಲ್ಲ ಎಂದು ಯೋಚಿಸಿ ಸರಿತಾ ತಾನೇ ಹುಡುಕಿಕೊಂಡ ಜಾಗ ಅದು. ಆದರೂ ಪಡಸಾಲೆಯಿಂದ ಅತ್ತೆ ಸೋನಾಬಾಯಿಯ ದನಿ ಬಂದೇಬಿಟ್ಟಿತು. "ಯಾರದು ಫೋನು, ಇಷ್ಟೊತ್ತಿನ್ಯಾಗ?" "ಬ್ಯಾಂಕಿಂದ್ರಿ ಅತ್ತಿ." "ಬ್ಯಾಂಕಿಗೆ ನಿದ್ದಿ ಬರೂದಿಲ್ಲೇನ?" ಪಕ್ಕದಲ್ಲಿ ಮಲಗಿದ್ದ ಗಂಡ ವಿಶ್ವಾಸ ಗೋಡೆಯ ಕಡೆ ಹೊರಳಿದ. ಸರಿತಾ ಎದ್ದು ಅಡುಗೆಮನೆಯ ಕತ್ತಲಲ್ಲಿ ಫೋನು ನೋಡಿದಳು. ಕಾಗವಾಡ ಶಾಖೆ, ಉತ್ತರ ತಡ. ಅಷ್ಟೇ ಸಂದೇಶ. ಅದನ್ನು ಕಳಿಸಿದ್ದು ಮನುಷ್ಯನಲ್ಲ, ಬ್ಯಾಂಕಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಅವಳೇ ಬರೆದು ಕೂರಿಸಿದ ಒಂದು ಸಣ್ಣ ಪ್ರೋಗ್ರಾಮು. ಚಿಕ್ಕೋಡಿಯ ಮುಖ್ಯ ಕಚೇರಿಯ ಕಂಪ್ಯೂಟರಿನಲ್ಲಿ ಕುಳಿತು ಅದು ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಶಾಖೆಗಳಿಗೆ ಹಗಲು ರಾತ್ರಿ ಒಂದೇ ಪ್ರಶ್ನೆ ಕೇಳುತ್ತಿರುತ್ತದೆ. ಯಾರದೂ ಅಲ್ಲದ ಒಂದು ಸುಳ್ಳು ಖಾತೆಯನ್ನು ತೆಗೆದು ತೋರಿಸು ಎಂದು ಕೇಳಿ, ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ಗೆರೆ ಎಳೆಯುತ್ತದೆ. ಉತ್ತರ ಬೇಗ ಬಂದರೆ ಗೆರೆ ಹಸಿರಾಗಿ ನೆಲಕ್ಕೆ ಮಲಗಿರುತ್ತದೆ, ತಡವಾದರೆ ಕೆಂಪಾಗಿ ಎದ್ದು ನಿಲ್ಲುತ್ತದೆ. ಆದರೆ ಈಗ ರಾತ್ರಿ, ಕಾಗವಾಡದ ಶಾಖೆಗೆ ಬೀಗ ಬಿದ್ದಿದೆ. ಶಟರ್ ಇಳಿದಿದೆ, ಕೌಂಟರಿನಲ್ಲಿ ಯಾರೂ ಇಲ್ಲ. ಯಾರೂ ಇಲ್ಲದ ಕಡೆ ತಡ ಮಾಡುವವರು ಯಾರು? ಬೀಗ ಹಾಕಿದ ಮನೆಯೊಳಗಿಂದ ಯಾರೋ ಕೆಮ್ಮಿದಂತಾಯಿತು ಅವಳಿಗೆ.

ತಡ ಎಂಬುದು ಸರಿತಾಳಿಗೆ ಬಿ.ಸಿ.ಎ. ಪುಸ್ತಕದಲ್ಲಿ ಓದಿ ತಿಳಿದ ವಿಷಯವಲ್ಲ. ಮುಗಳಖೋಡದಲ್ಲಿ ಹುಡುಗಿಯಾಗಿದ್ದಾಗ ಅವ್ವ ಎಣ್ಣೆ ತರಲು ಕಳಿಸುತ್ತಿದ್ದಳು. ಅಂಗಡಿಯವನಿಗೆ ಅವಳು ಯಾರ ಮನೆಯವಳೆಂದು ಗೊತ್ತಿತ್ತು. ಬೈಯುತ್ತಿರಲಿಲ್ಲ, ಹೋಗು ಎನ್ನುತ್ತಿರಲಿಲ್ಲ. ಅವಳ ನಂತರ ಬಂದವರಿಗೆಲ್ಲ ಕೊಟ್ಟು ಮುಗಿಸಿ, ತಕ್ಕಡಿಯನ್ನು ಬಟ್ಟೆಯಿಂದ ಒರೆಸಿ, ಬೀದಿಯನ್ನೊಮ್ಮೆ ನೋಡಿ, ಆಮೇಲೆ ಅವಳ ಬಾಟಲಿಗೆ ಮೇಲಿನಿಂದ ಎಣ್ಣೆ ಸುರಿಯುತ್ತಿದ್ದ. ಮನೆಗೆ ಬಂದರೆ ಅವ್ವ, "ಎಲ್ಲಿ ಆಡಾಕ ಹೋಗಿದ್ದಿ ಬೇ?" ಎಂದು ಬೆನ್ನಿಗೆ ಗುದ್ದುತ್ತಿದ್ದಳು. ಕಾಯಿಸಿದವನು ಒಬ್ಬ, ತಡ ಮಾಡಿದವಳೆಂದು ಏಟು ತಿಂದವಳು ಇನ್ನೊಬ್ಬಳು. ಅದನ್ನು ಅವ್ವನಿಗೆ ಬಿಡಿಸಿ ಹೇಳಲು ಆಗ ಮಾತಿರಲಿಲ್ಲ. ಈಗ ಮಾತಿದೆ, ಗೆರೆಯಿದೆ, ಗೆರೆಯನ್ನು ಕಾಗದದ ಮೇಲೆ ಮುದ್ರಿಸಿ ಕೊಡುವ ಯಂತ್ರವಿದೆ. ಮರುದಿನ ಬೆಳಿಗ್ಗೆ ಚೇರ್ಮನ್ನರ ಕೋಣೆಗೆ ಕರೆ ಬಂದಾಗ ಅವಳು ಆ ಕಾಗದವನ್ನೇ ಮಡಚದೆ, ಸುಕ್ಕಾಗದಂತೆ ಎದೆಗೆ ಒತ್ತಿಕೊಂಡು ಹೋಗಿದ್ದಳು.

ಚೇರ್ಮನ್ ಜ್ಞಾನದೇವರನ್ನು ಬ್ಯಾಂಕಿನವರೆಲ್ಲ ಅಣ್ಣಾಸಾಹೇಬರು ಎನ್ನುತ್ತಾರೆ. ಕಬ್ಬು, ದ್ರಾಕ್ಷಿಯ ಜಮೀನು, ಕಚೇರಿಯ ಬೆನ್ನಿಗೇ ಮನೆ. ಹೋದ ದಸರೆಗೆ ಎಲ್ಲ ಶಾಖೆಗಳಿಗೂ ಕ್ಯಾಮೆರಾ ಕೂರಿಸಿ ತಮ್ಮ ಕೋಣೆಯಲ್ಲಿ ದೊಡ್ಡ ಟಿ.ವಿ. ಹಾಕಿಸಿದ್ದರು. ಅಲ್ಲಿಂದ ಮಾಳಿಗೆಯ ಮೇಲೆ ವೈರು ಎಳೆದು ಮಲಗುವ ಕೋಣೆಗೂ ಒಂದು. ಬಾಗಿಲಲ್ಲಿ ಸರಿತಾ ಕಂಡ ಕೂಡಲೇ, "ಬರ್ರಿ ಮೇಡಂ, ನಿಮ್ಮ ಗೆಳತಿ ಸಿನಿಮಾ ನೋಡೂನು ಬರ್ರಿ," ಎಂದರು. ಮ್ಯಾನೇಜರ್ ಮಹಾವೀರ ಕುರ್ಚಿಯ ತುದಿಯಲ್ಲಿ ಕುಳಿತು ಆಗಲೇ ನಗಲು ತಯಾರಾಗಿದ್ದರು. ಅಣ್ಣಾಸಾಹೇಬರು ರಿಮೋಟಿನಿಂದ ಕಾಗವಾಡದ ಚೌಕವನ್ನು ಆರಿಸಿದರು. ಅದು ಟಿ.ವಿ.ಯ ತುಂಬ ಹಿಗ್ಗಿತು. ಮೇಲಿನಿಂದ ಕಾಣುವ, ಅಲ್ಲಿನ ಕ್ಲಾರ್ಕ್ ದ್ರೌಪದಿ: ಬೈತಲೆ, ನರೆತ ಕೂದಲಿನ ಎರಡು ಎಳೆ, ಮಡಿಲಲ್ಲಿ ಸುಮ್ಮನೆ ಇಟ್ಟುಕೊಂಡ ಎರಡು ಕೈ. ಕೌಂಟರಿನ ಆಚೆ ಟೋಪಿ ಹಾಕಿದ ರೈತರ ಸಾಲು. ದ್ರೌಪದಿ ಕಂಪ್ಯೂಟರನ್ನು ನೋಡುತ್ತಿದ್ದಳು. ಒಮ್ಮೆ ಕೈ ಎತ್ತಿ ಒಂದು ಗುಂಡಿ ಒತ್ತಿ ಮತ್ತೆ ಮಡಿಲಿಗೆ ಇಳಿಸಿದಳು. "ನೋಡ್ರಿ, ನೋಡ್ರಿ. ಲಗ್ನಕ್ಕ ಬಂದಾಂಗ ಕುಂತಾಳ. ಮಂದಿ ಬಿಸಲಾಗ ಬಂದು ನಿಂತಾರ, ಈಕಿ ಕೈಕಟ್ಟಿ ಕುಂತಾಳ." ಸರಿತಾ ಒಂದು ಹೆಜ್ಜೆ ಒಳಗೆ ಬಂದಳು. "ಸರ್, ಅವರು ಕುಂತಿಲ್ರಿ. ಕಾಯಾಕತ್ತಾರ. ಅವರು ಕೇಳಿದ್ದಕ್ಕ ಇಲ್ಲಿಂದ ಉತ್ತರ ಹೋಗಾಕ ತಡ ಆಗಾಕತ್ತೈತಿ." "ಕಾಯೂದು ಅಂದ್ರ ಕುಂಡ್ರೂದ ಅಲ್ಲೇನ್ರಿ ಮೇಡಂ?" ಮಹಾವೀರರು ಈಗ ನಕ್ಕರು. ಅವಳು ಕಾಗದ ಮುಂದೆ ಚಾಚಿದಳು. ಅಣ್ಣಾಸಾಹೇಬರು ಅದನ್ನು ಮುಟ್ಟದೆ, ಚಾ ಕಪ್ಪಿನ ಪಕ್ಕದ ಜಾಗವನ್ನು ಕಣ್ಣಿನಿಂದಲೇ ತೋರಿಸಿದರು. ಅಲ್ಲಿಟ್ಟಳು. "ಗೆರಿ ನೀವ ತಗೀತೀರಿ, ಮೇಡಂ. ನಾ ಕಣ್ಣಾರೆ ನೋಡಾಕತ್ತೀನಿ. ಯಾವ್ದು ಖರೆ?" ಆಮೇಲೆ ಮಹಾವೀರರ ಕಡೆ ತಿರುಗಿ, ಊಟಕ್ಕೆ ಏನು ಮಾಡಿಸಲಿ ಎಂದು ಕೇಳುವಷ್ಟೇ ಸಲೀಸಾಗಿ, "ಈ ತಿಂಗಳ ಮುಗೀಲಿ. ಹಿಂಗ ನಡೀತಂದ್ರ ಈಕೀನ ಮನೀಗೆ ಕಳಸ್ರಿ," ಎಂದರು. ಸರಿತಾ ಹೊರಬರುವಾಗ ನೋಡಿದಳು. ಕಾಗದದ ಮೇಲೆ ಕಪ್ಪಿನ ತಳ ಒಂದು ಕಂದು ಬಳೆ ಬಿಡಿಸಿತ್ತು. ಕೆಂಪು ಗೆರೆ ಸರಿಯಾಗಿ ಅದರ ನಡುವೆ ನಿಂತಿತ್ತು.

ದ್ರೌಪದಿಗೆ ಫೋನು ಮಾಡಿ ಏನಾದರೂ ಧೈರ್ಯ ಹೇಳಬೇಕೆಂದು ಮಧ್ಯಾಹ್ನ ಊಟದ ಹೊತ್ತಿಗೆ ಕಾದಳು. ದ್ರೌಪದಿ ಅಥಣಿ ಕಡೆಯ ಅನಂತಪುರದ ಮಗಳು, ಕಾಗವಾಡದ ಸೊಸೆ. ಗಂಡ ಹೋದ ಮೇಲೆ ಬ್ಯಾಂಕಿಗೆ ಸೇರಿದವಳು. ಕೈಯಿಂದ ಖಾತೆ ಬರೆಯುವ ಕಾಲದಲ್ಲಿ ಅವಳ ಅಕ್ಷರ ನೋಡಲು ಬೇರೆ ಶಾಖೆಯವರು ಬರುತ್ತಿದ್ದರಂತೆ. "ಏನ್ ಹೇಳ್ಲಿ ಮೇಡಂ," ಎಂದು ದ್ರೌಪದಿ ತುತ್ತು ನುಂಗುತ್ತಲೇ ಶುರುಮಾಡಿದಳು, "ಒಬ್ಬ ಮುದುಕ ಇವತ್ತ ಅಂದ, ಯವ್ವಾ, ನೀ ಆ ಟಿ.ವಿ. ಮುಂದ ಕುಂತು ಯಾವ ಸೀರಿಯಲ್ ನೋಡಾಕತ್ತಿ, ನಮಗೂ ಈ ಕಡೆ ಹೊಳ್ಳಿಸಿ ತೋರಸು ಅಂತ. ಎಲ್ಲಾರೂ ನಕ್ರು. ನಾನೂ ನಕ್ಕೆ. ಅಳೂದ್ಕಿಂತ ಚಲೋ ಅಲ್ರಿ?" ಸರಿತಾ, "ಅಕ್ಕಾ, ತಪ್ಪು ನಿಮ್ದಲ್ಲ," ಎಂದಳು. "ನೀವು ಹಂಗ ಅಂತೀರಿ. ನಿಮ್ಮ ಮನಸ್ಸು ದೊಡ್ಡದು. ನನ್ನ ಕೈನ ಮಂದ ಅದಾವ ಮೇಡಂ. ಮಿರಜಿಗೆ ಹೋಗಿದ್ದೆ, ಗುಜರಿ ಅಂಗಡ್ಯಾಗ ಒಂದು ಹಳೇ ಕೀಬೋರ್ಡ್ ತಂದೀನಿ. ರಾತ್ರಿ ಊಟ ಆದ ಮ್ಯಾಲೆ ತೊಡಿ ಮ್ಯಾಲಿಟ್ಕೊಂಡು ಬಡೀತೀನಿ." "ಅದಕ್ಕ ಕಂಪ್ಯೂಟರ್?" "ಕಂಪ್ಯೂಟರ್ ಎಲ್ಲಿದು? ಬರೇ ಕೀಬೋರ್ಡ್. ವೈರು ಕಟ್ಟಿ ಮ್ಯಾಲಿಂದ ಜೋತುಬಿಟ್ಟೀನಿ. ಅದನ್ನ ನೋಡಿ ನಮ್ಮ ಅತ್ತಿ, ಈಕೀಗೆ ತಲಿ ಕೆಟ್ಟೈತಿ ಅಂತ ಓಣ್ಯಾಗ ಹೇಳ್ಯಾಳ." ದ್ರೌಪದಿ ನಕ್ಕಳು. ಸರಿತಾಳಿಗೆ ಫೋನನ್ನು ಕಿವಿಗೆ ಹಿಡಿದ ಕೈ ಬಿಸಿಯಾಯಿತು. ಎಲ್ಲಿಗೂ ಸೇರದ ಕೀಬೋರ್ಡಿನ ಮೇಲೆ, ಎಲ್ಲಿಗೂ ತಲುಪದ ಅಕ್ಷರಗಳನ್ನು ಒತ್ತುತ್ತ, ತಾನು ಮಾಡದ ತಪ್ಪನ್ನು ಪ್ರತಿ ರಾತ್ರಿ ತಿದ್ದಿಕೊಳ್ಳುತ್ತಿರುವ ಹೆಂಗಸು. ಇದಕ್ಕೆ ಯಾರನ್ನು ಹಿಡಿದು ಕೇಳಬೇಕು?

ಲೈನು ಕೊಟ್ಟ ಕಂಪನಿಯವರನ್ನು ಕೇಳಿದಳು. ನಮ್ಮ ಕಡೆಯಿಂದ ಎಲ್ಲ ಸರಿಯಿದೆ ಎಂದರು. ಹೊಸ ಸಾಫ್ಟ್‌ವೇರಿನವರನ್ನು ಕೇಳಿದಳು. ನಿಮ್ಮ ಸಿಬ್ಬಂದಿಗೆ ತರಬೇತಿ ಸಾಲದು ಎಂದರು. ಎಲ್ಲ ಬೆರಳುಗಳೂ ತಿರುಗಿ ತಿರುಗಿ ಕಾಗವಾಡದ ಆ ಬೈತಲೆಯನ್ನೇ ತೋರಿಸುತ್ತಿದ್ದವು. ಕ್ಯಾಮೆರಾಗಳ ಬಗ್ಗೆ ಅವಳು ಒಮ್ಮೆ ಕೇಳಿದ್ದುಂಟು. ಅವುಗಳನ್ನು ಕೂರಿಸಲು ಕೊಲ್ಹಾಪುರದಿಂದ ಬಂದವನು ಒಂದು ಭಾನುವಾರ ಅವಳಿಲ್ಲದಾಗ ಬಂದು ಕೆಲಸ ಮುಗಿಸಿ ಹೋಗಿದ್ದ. "ಅದರ ಲೈನು ಬ್ಯಾರೆ ಮೇಡಂ, ಅದಕ್ಕೂ ನಿಮಗೂ ಸಂಬಂಧ ಇಲ್ಲ," ಎಂದಿದ್ದರು ಮಹಾವೀರ. ಸಂಬಂಧ ಇಲ್ಲ ಎಂದು ಯಾರಾದರೂ ಹೇಳಿದರೆ ಮತ್ತೆ ಕೇಳಬಾರದು ಎಂಬುದನ್ನು ಅವಳು ಶಾಲೆಯಲ್ಲೇ ಕಲಿತಿದ್ದಳು. ಅದನ್ನು ಕಲಿಸಿದವರ ಮೇಲೆ ಈಗ ಸಿಟ್ಟು ಬರುತ್ತಿತ್ತು. ಚೆನ್ನಾಗಿ ಕಲಿತ ತನ್ನ ಮೇಲೆ ಇನ್ನೂ ಹೆಚ್ಚು.

ಆ ತಿಂಗಳ ಅಮಾವಾಸ್ಯೆ ಕೆಲಸದ ದಿನವೇ ಬಂತು. ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಅಣ್ಣಾಸಾಹೇಬರ ಕೋಣೆಯಲ್ಲಿ ಪೂಜೆ. ಟಿ.ವಿ.ಯನ್ನೂ, ಅದರ ಕೆಳಗೆ ಕ್ಯಾಮೆರಾದ ಚಿತ್ರಗಳನ್ನೆಲ್ಲ ತರಿಸಿಕೊಡುವ ಕಪ್ಪು ಪೆಟ್ಟಿಗೆಯನ್ನೂ ಬಂದ್ ಮಾಡಿ, ಒರೆಸಿ, ಕುಂಕುಮ ಹಚ್ಚಿ, ಹೂ ಏರಿಸಿ, ಕಾಯಿ ಒಡೆಯುವ ತನಕ ಅವಕ್ಕೆ ವಿಶ್ರಾಂತಿ. ಹೊಲದಲ್ಲಿ ಎತ್ತಿಗೆ ಹೇಗೆ ಅಂದು ನೊಗ ಇಡುವುದಿಲ್ಲವೋ ಹಾಗೆ. ಬಂದ್ ಮಾಡುವುದು ಸರಿತಾಳ ಕೆಲಸ, ಯಾಕೆಂದರೆ ಅದು ಕಂಪ್ಯೂಟರಿಗೆ ಸೇರಿದ ಸಾಮಾನು. ಬಂದ್ ಮಾಡಿದ ಮೇಲೆ ಹೊರಗೆ, ಹೊಸ್ತಿಲ ಆಚೆ ನಿಲ್ಲುವುದು. ನಿಲ್ಲು ಎಂದು ಯಾರೂ ಹೇಳಿರಲಿಲ್ಲ. ಮೊದಲನೇ ಸಲ ಅಣ್ಣಾಸಾಹೇಬರ ಹೆಂಡತಿ ತಟ್ಟೆ ಹಿಡಿದು ಒಳಬರುತ್ತ ಅವಳನ್ನು ಕಂಡು ನಿಂತರು, ಅಷ್ಟೇ. ಮುಂದೆ ಹೆಜ್ಜೆ ಇಡಲಿಲ್ಲ. ಸರಿತಾ ತಾನಾಗಿಯೇ ಹೊರಬಂದಳು. ಆಮೇಲೆ ಅದೇ ರೂಢಿಯಾಯಿತು. ಪೂಜೆ ಮುಗಿದ ಮೇಲೆ ಕೊಬ್ಬರಿಯ ಚೂರು ಅಂಗೈಗೆ ಮೇಲಿನಿಂದ ಬೀಳುತ್ತದೆ; ಎಣ್ಣೆ ಬಾಟಲಿಗೆ ಬೀಳುತ್ತಿದ್ದಂತೆ. ಪ್ರತಿ ಅಮಾವಾಸ್ಯೆ ಅವಳು ಆ ಹೊಸ್ತಿಲಲ್ಲಿ ಹಲ್ಲು ಕಚ್ಚಿ ನಿಂತು, ಇನ್ನೊಂದು ಸಲ ಬಂದ್ ಮಾಡಲು ಕರೆದರೆ ನೀವೇ ಮಾಡಿಕೊಳ್ಳಿ ಎನ್ನಬೇಕು, ಹೀಗೆನ್ನಬೇಕು, ಈ ಮಾತಿನಲ್ಲಿ ಅನ್ನಬೇಕು ಎಂದು ವಾಕ್ಯ ಹೊಂದಿಸುತ್ತಿದ್ದಳು. ಆ ವಾಕ್ಯ ಎಂದೂ ಮುಗಿಯುತ್ತಿರಲಿಲ್ಲ.

ಅಂದು ವಾಕ್ಯದ ನಡುವೆ ಫೋನು ಬಂತು. ದ್ರೌಪದಿ. "ಮೇಡಂ, ಇವತ್ತ ಏನ್ ಮಾಡೀರಿ? ಮಷೀನು ಹಾರಾಕತ್ತೈತಿ!" ಅವಳ ಹಿಂದೆ ಸಂತೆಯಂಥ ಗದ್ದಲ ಕೇಳಿಸುತ್ತಿತ್ತು. "ಮಂದಿ ಕಡಿಮಿ ಅದಾರೇನ?" "ಎಲ್ಲೀ ಕಡಿಮಿ? ಅಮಾಸಿ, ಯಾರೂ ಎತ್ತು ಹೂಡಿಲ್ಲ. ಊರಿಗೆ ಊರೇ ಬ್ಯಾಂಕಿನ್ಯಾಗ ಐತಿ. ಆದ್ರೂ ಒತ್ತಿದ್ದ ತಡ, ಪಟ್ ಅಂತ ಬರಾಕತ್ತೈತಿ ನೋಡ್ರಿ." ಸರಿತಾ ಹೊಸ್ತಿಲು ಬಿಟ್ಟು ತನ್ನ ಮೇಜಿಗೆ ಓಡಿದಳು. ಕಾಗವಾಡದ ಗೆರೆ ಹಸಿರಾಗಿ, ಉದ್ದಕ್ಕೆ, ನಿದ್ದೆಹೋದ ಮಗುವಿನಂತೆ ಮಲಗಿತ್ತು. ಅಥಣಿಯದೂ, ರಾಯಬಾಗದ್ದೂ, ನಿಪ್ಪಾಣಿಯದೂ. ಫೋನು ಕಿವಿಯಲ್ಲೇ ಇತ್ತು. ಒಳಗೆ ಕಾಯಿ ಒಡೆದ ಸದ್ದು. "ಮೇಡಂ, ಆತು, ಚಾಲೂ ಮಾಡ್ರಿ," ಎಂದು ಮಹಾವೀರರ ಕೂಗು. "ಅಕ್ಕಾ, ಫೋನ್ ಇಡಬ್ಯಾಡ್ರಿ," ಎಂದು ಹೇಳಿ ಸರಿತಾ ಹೋಗಿ ಪೆಟ್ಟಿಗೆಯ ಗುಂಡಿ ಒತ್ತಿದಳು. ಬೆರಳಿಗೆ ಕುಂಕುಮ ಅಂಟಿತು. ಅಣ್ಣಾಸಾಹೇಬರು ರಿಮೋಟು ಎತ್ತಿಕೊಂಡು ಮೊದಲ ದರ್ಶನಕ್ಕೆಂಬಂತೆ ಕಾಗವಾಡವನ್ನೇ ದೊಡ್ಡದು ಮಾಡಿದರು. ಕಿವಿಯಲ್ಲಿ ದ್ರೌಪದಿಯ ದನಿ ಇಳಿಯಿತು. "ಅಯ್ಯ, ಮತ್ತ ನಿಂತ್ತು ನೋಡ್ರಿ, ಮೇಡಂ. ಗಿರಗಿರ ತಿರುಗಾಕತ್ತೈತಿ." ಟಿ.ವಿ.ಯಲ್ಲಿ ದ್ರೌಪದಿ ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯನ್ನು ಮಡಿಲಿಗೆ ಇಳಿಸಿದಳು. "ನೋಡು, ಕೆಲಸದ ಹೊತ್ತಿನ್ಯಾಗ ಫೋನು!" ಎಂದರು ಅಣ್ಣಾಸಾಹೇಬರು.

ಎಲ್ಲವೂ ಅಲ್ಲೇ ಇತ್ತು, ಅಷ್ಟು ದಿನವೂ. ಕಾಗವಾಡದಿಂದ ಚಿಕ್ಕೋಡಿಗೆ ಇರುವುದು ಒಂದೇ ಸಣ್ಣ ದಾರಿ. ರೈತನ ಖಾತೆಯೂ ಅದರಲ್ಲೇ ಬರಬೇಕು, ದ್ರೌಪದಿಯ ಚಿತ್ರವೂ ಅದರಲ್ಲೇ ಬರಬೇಕು. ಚಿತ್ರ ಎಂದರೆ ಕಬ್ಬು ತುಂಬಿದ ಟ್ರ್ಯಾಕ್ಟರ್. ಅದರ ಹಿಂದೆ ಸಿಕ್ಕಿಕೊಂಡ ಸೈಕಲ್ಲು ದ್ರೌಪದಿಯ ಪ್ರಶ್ನೆ. ಅಣ್ಣಾಸಾಹೇಬರು ಅವಳನ್ನು ದೊಡ್ಡದು ಮಾಡಿ ನೋಡಿದಷ್ಟೂ ದಾರಿ ಕಟ್ಟುತ್ತದೆ. ದಾರಿ ಕಟ್ಟಿದಷ್ಟೂ ಅವಳ ಕೈ ಮಡಿಲಿಗೆ ಇಳಿಯುತ್ತದೆ. ಕೈ ಇಳಿದದ್ದು ಕಂಡಷ್ಟೂ ಅವರು ಇನ್ನೂ ಹೆಚ್ಚು ಹೊತ್ತು ನೋಡುತ್ತಾರೆ. ರಾತ್ರಿ ನಿದ್ದೆ ಬರದೆ, ಕಳ್ಳರಿದ್ದಾರೋ ಎಂದು ಬೀಗ ಹಾಕಿದ ಶಾಖೆಯನ್ನು ಹಾಸಿಗೆಯಲ್ಲೇ ನೋಡುತ್ತಾರೆ. ಆಗ ಸರಿತಾಳ ಅಡುಗೆಮನೆಯಲ್ಲಿ ಮುಚ್ಚಳ ನಡುಗುತ್ತದೆ. ಮತ್ತು ಪ್ರತಿ ಅಮಾವಾಸ್ಯೆ ಆ ಗುಂಡಿಯನ್ನು ಆರಿಸಿ ಹೊತ್ತಿಸಿದ್ದು ತನ್ನದೇ ಬೆರಳು. ಎರಡು ಹೆಜ್ಜೆ ಹಿಂದೆ ಬಂದು ಗೆರೆ ನೋಡಿದ್ದರೆ ಯಾವಾಗಲೋ ತಿಳಿಯುತ್ತಿತ್ತು. ನೋಡಲಿಲ್ಲ, ಹೊಸ್ತಿಲಲ್ಲಿ ನಿಂತು ವಾಕ್ಯ ಹೊಂದಿಸುತ್ತಿದ್ದಳು. ಅವಮಾನಕ್ಕೆ ಇದೊಂದು ಗುಣ, ಅದು ಬಂದು ಕುಳಿತರೆ ತಲೆಯಲ್ಲಿ ಬೇರೆ ಯಾವುದಕ್ಕೂ ಜಾಗ ಬಿಡುವುದಿಲ್ಲ. ಆ ಜಾಗವನ್ನೂ ಅವರೇ ಕಿತ್ತುಕೊಂಡರಲ್ಲ ಎಂದು ಅವಳಿಗೆ ಮೈ ಉರಿಯಿತು.

ಸರಿತಾ ಇದನ್ನು ಹೇಳಿದಾಗ ಮಹಾವೀರರು ಬೆಚ್ಚಲಿಲ್ಲ. ಪ್ರಸಾದದ ಕೊಬ್ಬರಿ ಅಗಿಯುತ್ತ ಬಾಗಿಲ ಕಡೆ ಒಮ್ಮೆ ನೋಡಿದರು. "ಕೊಲ್ಹಾಪುರದಾವ ಆವತ್ತ ಹೇಳಿದ್ದ, ಮೇಡಂ. ಇದಕ್ಕ ಬ್ಯಾರೆ ಲೈನು ಹಾಕ್ರಿ ಅಂತ. ಅಣ್ಣಾಸಾಹೇಬ್ರು, ಇದ್ದದ್ರಾಗ ಮಾಡು ಅಂದ್ರು." "ಅಂದ್ರ ನಿಮಗ ಗೊತ್ತಿತ್ತು." "ಗೊತ್ತು ಅಂದ್ರ… ಹಂಗ ಗೊತ್ತಿಲ್ಲ. ಹಿಂಗ ಇರಬೌದು ಅಂತ ಗೊತ್ತಿತ್ತು." "ಮತ್ತ ಅಕಿ ನೌಕರಿ ಹೊಂಟೈತಲ್ರಿ ಸರ್!" "ಸಾವಕಾಶ, ಸಾವಕಾಶ. ನೀವು ಲೈನ್ ನೋಡ್ರಿ, ಮೇಡಂ. ಲೈನ್ ಮ್ಯಾಲೆ ಯಾರ ನಡದಾರ ಅಂತ ನೋಡಾಕ ಹೋಗಬ್ಯಾಡ್ರಿ. ಕ್ಯಾಮೆರಾದ ತಪ್ಪು ಅಂದ್ರ ಯಾರ ತಪ್ಪಾಕ್ಕೈತಿ? ನಿಮಗ ತಿಳೀತೈತಿ, ಕಲತಾವ್ರು." ಕಲಿತವರು ಎಂಬ ಮಾತನ್ನು ಅವರು ಎಷ್ಟು ಮೆತ್ತಗೆ ಹೇಳಿದರೆಂದರೆ ಅದು ಬೈಗುಳವೆಂದು ತಿಳಿಯಲು ಅವಳಿಗೆ ತನ್ನ ಕುರ್ಚಿಯವರೆಗೆ ನಡೆಯಬೇಕಾಯಿತು.

ಆದರೂ ಸಂಜೆ ಅವಳೇ ಅಣ್ಣಾಸಾಹೇಬರ ಕೋಣೆಗೆ ಹೋದಳು. ಹೊಸ್ತಿಲ ಒಳಗೇ ನಿಂತು ಮಾತಾಡಿದಳು; ದಾರಿ, ಟ್ರ್ಯಾಕ್ಟರ್, ಸೈಕಲ್ಲು ಎಂದು ಅವರಿಗೆ ಅರ್ಥವಾಗುವ ಮಾತುಗಳನ್ನೇ ಮಧ್ಯಾಹ್ನವೆಲ್ಲ ಆರಿಸಿಟ್ಟುಕೊಂಡಿದ್ದಳು. ಅವರು ತಾಳ್ಮೆಯಿಂದ ಕೇಳಿದರು. ಅಷ್ಟು ತಾಳ್ಮೆ ನೋಡಿಯೇ ಅವಳಿಗೆ ಭಯವಾಯಿತು. "ಅಂದ್ರ ನಾ ನೋಡೂದ ಬಿಟ್ರ ಅಕಿ ಕೆಲಸ ಮಾಡ್ತಾಳ. ಹಂಗ್ರಿ?" "ಹಂಗಲ್ರಿ ಸರ್, ದೊಡ್ಡದು ಮಾಡಿ ನೋಡಿದ್ರ…" "ನಂದು ಬ್ಯಾಂಕಿನ್ಯಾಗ ಇಷ್ಟ ವರ್ಷ ಆತು, ಮೇಡಂ. ನೋಡಬ್ಯಾಡ್ರಿ ಅನ್ನಾವ್ರು ಯಾರು ಅಂತ ನನಗ ಗೊತ್ತೈತಿ. ಮಾಡದಾವ್ರು. ನಿಮ್ಮ ರೂಮಿಗೂ ಒಂದು ಕ್ಯಾಮೆರಾ ಹಾಕಸ್ಲೇನು?" ನಗುತ್ತಲೇ ಕೇಳಿದರು. ಅವಳು, "ಹಾಕಸ್ರಿ ಸರ್," ಎಂದು ಹೇಳಿಬಿಟ್ಟಳು. ನಗು ನಿಂತಿತು. ರಿಮೋಟು ಮೇಜಿನ ಮೇಲೆ ಟಕ್ಕೆಂದಿತು. ಮಾತು ಅಲ್ಲಿಗೆ ಮುಗಿಯಿತು.

ಅವಳು ತನ್ನ ಮೇಜಿಗೆ ಬಂದು ಕುಳಿತಳು. ಕಿಟಕಿಯಾಚೆ ನಿಪ್ಪಾಣಿಯ ಬಸ್ಸಿಗೆ ಓಡುವ ಕೋರ್ಟಿನ ಮಂದಿ, ಭಜಿಯ ವಾಸನೆ. ಮನೆಗೆ ತಡವಾಗಿ ಹೋದರೆ ಸೋನಾಬಾಯಿ ಗೋಡೆ ಗಡಿಯಾರವನ್ನೊಮ್ಮೆ, ಅವಳನ್ನೊಮ್ಮೆ ನೋಡುತ್ತಾರೆ, ಏನೂ ಕೇಳುವುದಿಲ್ಲ. ಎಲ್ಲರೂ ನೋಡುವವರೇ. ಎಲ್ಲ ಶಾಖೆಗಳ ದಾರಿಗಳು ಬಂದು ಸೇರುವ ಯಂತ್ರದ ಬೀಗದಕೈ, ಅಂದರೆ ಅದರ ಗುಪ್ತಪದ, ಇಡೀ ಬ್ಯಾಂಕಿನಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ಅದು ಗೊತ್ತಿರುವುದು ಒಂದು ಅಧಿಕಾರವೆಂದು ಅವಳಿಗೆ ಅದುವರೆಗೆ ಅನ್ನಿಸಿರಲಿಲ್ಲ. ಕಸಬರಿಗೆ ಎಲ್ಲಿದೆಯೆಂದು ಗೊತ್ತಿರುವುದು ಹೇಗೋ ಹಾಗೆ ಎಂದುಕೊಂಡಿದ್ದಳು. ಯಂತ್ರವನ್ನು ತೆರೆದಳು. ಯಾರು ಮೊದಲು ಹೋಗಬೇಕು, ಯಾರು ಆಮೇಲೆ ಎಂದು ಹೇಳುವ ಒಂದು ಜಾಗ ಅದರಲ್ಲಿತ್ತು. ಖಾಲಿ ಬಿಟ್ಟಿದ್ದರು. ಖಾಲಿ ಬಿಟ್ಟರೆ ದೊಡ್ಡದು ತಾನಾಗಿ ಮುಂದೆ ನುಗ್ಗುತ್ತದೆ. ಅವಳು ಬರೆದಳು: ಮೊದಲು ಕೌಂಟರಿನವರದು, ಉಳಿದರೆ ಚಿತ್ರ. ಮುಗಳಖೋಡದ ಅಂಗಡಿಯ ತಕ್ಕಡಿ ಅವಳ ಕಣ್ಣ ಮುಂದೆ ಬಂತು. ಅದರ ಆಚೆ ಈಗ ತಾನು ಕುಳಿತಿದ್ದಳು. ಚಿತ್ರಕ್ಕೆ ಉಳಿಸಿದ ದಾರಿಯನ್ನು ಇನ್ನೂ ಕಿರಿದು ಮಾಡಿದಳು. ಒಂದು ಹನಿ ಎಣ್ಣೆ ಬೀಳುವಷ್ಟು. ಹೀಗೆ ಮಾಡುವಾಗ ಅವಳಿಗಾದದ್ದು ಭಯವಲ್ಲ, ಸುಖ. ಅದನ್ನು ಗುರುತಿಸಿ ಅವಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು, ಆದರೆ ಬರೆದದ್ದನ್ನು ಅಳಿಸಲಿಲ್ಲ.

ಮಾರನೆಯ ದಿನ ಕರೆ ಬಂದಾಗ, ಸಿಕ್ಕಿಬಿದ್ದೆ ಎಂದೇ ತಿಳಿದು ಹೋದಳು. ಕೋಣೆಯಲ್ಲಿ ಇಬ್ಬರು ಡೈರೆಕ್ಟರುಗಳು ಚಾ ಕುಡಿಯುತ್ತಿದ್ದರು. ಟಿ.ವಿ.ಯ ತುಂಬ ದ್ರೌಪದಿ. ತಲೆ ಬಗ್ಗಿಸಿ ಎರಡೂ ಕೈ ಕೀಬೋರ್ಡಿನ ಮೇಲೆ. "ಬರ್ರಿ ಮೇಡಂ. ಈಗ ನೋಡ್ರಿ ನಿಮ್ಮ ಗೆಳತೀನ. ಮುಂಜಾನಿಂದ ಹಿಂಗ ಐತಿ. ತಲಿ ಎತ್ತಿಲ್ಲ. ಮನೀಗೆ ಕಳಸ್ತೀನಿ ಅಂತ ಅಂದಿದ್ದು ಕಿವಿಗೆ ಬಿದ್ದಿರಬೇಕು." ಡೈರೆಕ್ಟರೊಬ್ಬರು, "ಅಣ್ಣಾ, ನಿಮ್ಮ ಕಣ್ಣಿಗೆ ಅಂಜತಾರ," ಎಂದರು. ಸರಿತಾ ಚಿತ್ರವನ್ನು ನೋಡಿದಳು. ದ್ರೌಪದಿಯ ತಲೆಯ ಮೇಲಿನ ಫ್ಯಾನಿನ ರೆಕ್ಕೆಗಳು ಎಣಿಸುವಂತೆ ನಿಂತಿದ್ದವು. ಕೌಂಟರಿನ ಆಚೆ ಒಬ್ಬ ರೈತ ಟೋಪಿ ತೆಗೆದು ತಲೆ ಕೆರೆದುಕೊಳ್ಳಲು ಎತ್ತಿದ ಕೈ ಎತ್ತಿಯೇ ಇತ್ತು. ಹಿಂದಿನ ಗೋಡೆಯ ಗಡಿಯಾರದಲ್ಲಿ ಬ್ಯಾಂಕು ತೆರೆಯುವ ಹೊತ್ತು. ದಾರಿ ಸಾಲದೆ ಚಿತ್ರ ಆ ಗಳಿಗೆಯಲ್ಲೇ ನಿಂತುಬಿಟ್ಟಿತ್ತು; ಒಬ್ಬರಾದರೂ ಅದನ್ನು ನೋಡಲಿಲ್ಲ. ಅವರು ನೋಡುತ್ತಿದ್ದುದು ಎರಡು ಕೈಗಳನ್ನು. ಬೇಕಾದದ್ದು ಕಂಡಿತ್ತು, ಸಾಕಾಗಿತ್ತು. ಇಷ್ಟು ತಿಂಗಳು ಇವರು ನೋಡಿದ್ದು ಇದನ್ನೇ ಏನು! ಇವರ ಕಣ್ಣಿಗೆ ಹೆದರಿಯೇ ಒಬ್ಬಳು ರಾತ್ರಿಯಿಡೀ ಸತ್ತ ಕೀಬೋರ್ಡು ಬಡಿದದ್ದು! "ಬಿಡ್ರಿ ಮಹಾವೀರ, ಆ ಕೆಲಸ ಬಿಡಸೂ ಕಾಗದಾ ಕಳಸಬ್ಯಾಡ್ರಿ. ಸುಧಾರಿಸ್ಯಾಳ," ಎಂದರು ಅಣ್ಣಾಸಾಹೇಬರು. ನಂತರ ರಿಮೋಟು ಒತ್ತಿ ರಾಯಬಾಗ ತೆಗೆದರು. ಅಲ್ಲಿನ ಕ್ಲಾರ್ಕ್ ಸಮಾಧಾನ ಚಾ ಕಪ್ಪನ್ನು ತುಟಿಗೆ ಹಿಡಿದು ಕಣ್ಣು ಮುಚ್ಚಿದ್ದ. "ಇವನೌನ, ಈ ಮಗ ಇನ್ನೂ ಚಾ ಕುಡಿಯಾಕತ್ತಾನ! ಆವಾಗಿಂದ! ಹಂಡೇದಾಗ ಮಾಡಸ್ತಾನೇನ್ ಚಾ? ಫೋನ್ ಹಚ್ಚರಿ ಅವಗ."

ಸರಿತಾ ಓಡಲಿಲ್ಲ. ಓಡಿದರೆ ತಿಳಿಯುತ್ತದೆ ಎಂದು ನಿಧಾನವಾಗಿ ನಡೆದು ತನ್ನ ಮೇಜಿಗೆ ಬಂದು, ರಾಯಬಾಗದ ದಾರಿಯನ್ನು ಒಂದಿಷ್ಟು ಸಡಿಲ ಮಾಡಿದಳು. ಒಳಗಿನಿಂದ ನಗು ಕೇಳಿಸಿತು. "ಆಂ, ಈಗ ಇಟ್ಟ ನೋಡ್ರಿ!" ಅವಳ ಬೆರಳ ತುದಿಯಿಂದ ಸಮಾಧಾನನ ಕಪ್ಪು ಕೆಳಗಿಳಿದಿತ್ತು. ಆದರೆ ಬೈಗುಳ ಆಗಲೇ ಹೋಗಿಬಿಟ್ಟಿತ್ತು. ಮಧ್ಯಾಹ್ನ ಸಮಾಧಾನ ಫೋನು ಮಾಡಿದ. "ಮೇಡಂ, ನಾ ಒಂದ ಕಪ್ಪು ಕುಡದೀನ್ರಿ, ದೇವರಾಣಿ. ಅಣ್ಣಾಸಾಹೇಬ್ರು ಯಾಕ ಹಂಗ ಬೈದ್ರು?" ಅವಳು, "ಗೊತ್ತಿಲ್ರಿ," ಎಂದಳು. ಗೊತ್ತಿಲ್ಲ. ಮಹಾವೀರರು ಹೇಳಿದ ಹಾಗೆಯೇ ಹೇಳಿದ್ದಳು, ಅವರಷ್ಟೇ ಮೆತ್ತಗೆ. ಒಬ್ಬಳ ಕೈ ಬಿಡಿಸಲು ಹೋಗಿ ಇನ್ನೊಬ್ಬನ ಕಪ್ಪು ಹಿಡಿದು ನಿಲ್ಲಿಸಿದ್ದಳು. ಇನ್ನು ದಿನವೂ ಚಿತ್ರ ಎಲ್ಲಿ ನಿಂತಿದೆಯೆಂದು ಕಾಯಬೇಕು. ಯಾರು ಆಕಳಿಸುವಾಗ ನಿಂತಿದೆ, ಯಾರು ತಲೆ ತಿರುಗಿಸಿದಾಗ ನಿಂತಿದೆ ಎಂದು ನೋಡಿ, ಅವರನ್ನು ಒಂದು ಕ್ಷಣ ಬಿಟ್ಟು ಮತ್ತೆ ಹಿಡಿಯಬೇಕು.

ಆ ವಾರದ ಕೊನೆಯಲ್ಲಿ ದ್ರೌಪದಿ ಯಾವುದೋ ಕಾಗದ ಕೊಡಲು ಚಿಕ್ಕೋಡಿಗೆ ಬಂದಳು. ಅನಂತಪುರದ ತವರಿನಿಂದ ತಂದ ಒಣದ್ರಾಕ್ಷಿಯ ಪೊಟ್ಟಣವನ್ನು ಸರಿತಾಳ ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಕುಳಿತು ತನ್ನ ಹತ್ತು ಬೆರಳುಗಳನ್ನು ಹರಡಿ ತೋರಿಸಿದಳು. "ನೋಡ್ರಿ ಮೇಡಂ. ಇವ ಬೆರಳು. ಈಗ ಕುದರಿ ಓಡಿದಾಂಗ ಓಡ್ತಾವ. ಆ ಮುದುಕ ಏನಂದ ಗೊತ್ತೇನ್ರಿ? ಯವ್ವಾ, ಇಷ್ಟ ಲಗೂ ಮುಗಸಿದ್ರ ಮನೀಗೆ ಹೋಗಿ ನಾ ಏನ ಮಾಡ್ಲಿ ಅಂದ!" ಅವಳ ಮುಖ ಬೆಳಗುತ್ತಿತ್ತು. ಅಷ್ಟು ಸಂತೋಷವನ್ನು ಸರಿತಾ ಆ ಮುಖದ ಮೇಲೆ ಕಂಡಿರಲೇ ಇಲ್ಲ. ಕಂಡಿದ್ದು ಯಾವಾಗಲೂ ಮೇಲಿನಿಂದ, ಬೈತಲೆಯನ್ನು. "ಅಣ್ಣಾಸಾಹೇಬ್ರಿಗೆ ಈಗ ಕಾಲು ಮುಟ್ಟಿ ನಮಸ್ಕಾರ ಮಾಡಿ ಬಂದೆ," ಎಂದಳು ದ್ರೌಪದಿ, ದನಿ ತಗ್ಗಿಸಿ. "ಅವರು ಬೈದದ್ದ ಚಲೋ ಆತು, ಮೇಡಂ. ಬೈಲಿಲ್ಲಂದ್ರ ನಾ ಸುಧಾರಸ್ತಿದ್ದಿಲ್ಲ. ನನ್ನ ತಪ್ಪು ನನಗ ಗೊತ್ತಿತ್ತು."

ಸರಿತಾ ಬಾಯಿ ತೆರೆದಳು. ತಪ್ಪು ನಿನ್ನದಲ್ಲ, ಎಂದೂ ಇರಲಿಲ್ಲ, ನೀನು ಯಾರ ಕಾಲು ಮುಟ್ಟಿದೆಯೋ ಅವರೇ ನಿನ್ನ ಕೈ ಕಟ್ಟಿದ್ದರು ಎಂಬ ವಾಕ್ಯ ಈ ಸಲ ಹೊಸ್ತಿಲಲ್ಲಿ ಸಿಕ್ಕದೆ, ಪೂರ್ತಿಯಾಗಿ ನಾಲಿಗೆಯ ಮೇಲೆ ಬಂದು ನಿಂತಿತ್ತು. ಹೇಳಿದರೆ? ದ್ರೌಪದಿಯ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಅಥಣಿಯ ಬಸ್ಸಿನಲ್ಲಿ ಪಕ್ಕದವಳಿಗೆ ಹೇಳುತ್ತಾಳೆ, ಆ ಮುದುಕನಿಗೆ ಹೇಳುತ್ತಾಳೆ. ಆಮೇಲೆ ಮಹಾವೀರರ ಕಿವಿ, ಆಮೇಲೆ ಅಣ್ಣಾಸಾಹೇಬರ ರಿಮೋಟು. ಮತ್ತೆ ದಾರಿ ಕಟ್ಟುತ್ತದೆ, ಮತ್ತೆ ಆ ಕೈಗಳು ಮಡಿಲಿಗೆ ಇಳಿಯುತ್ತವೆ, ಈ ಸಲ ಇಬ್ಬರೂ ಮನೆಗೆ. ದ್ರೌಪದಿಯ ನೌಕರಿ ಉಳಿಯಬೇಕಾದರೆ ಅವಳು ತಪ್ಪಿತಸ್ಥೆಯಾಗಿಯೇ ಉಳಿಯಬೇಕು. ಇದೆಂಥ ನ್ಯಾಯ? "ಯಾಕ ಮೇಡಂ, ಸುಮ್ನಾದ್ರಿ?" ಎಂದು ದ್ರೌಪದಿ ಕೇಳಿದಳು. ಸರಿತಾ ಪೊಟ್ಟಣ ಬಿಚ್ಚಿ ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡಳು. "ಭಾಳ ಸಿಹಿ ಅದಾವ, ಅಕ್ಕಾ," ಎಂದಳು.

ರಾತ್ರಿ ಊಟಕ್ಕೆ ಕುಳಿತಾಗ ಹಾಲಿನ ಮುಚ್ಚಳದ ಮೇಲೆ ಫೋನು ಸುಮ್ಮನೆ ಬಿದ್ದಿತ್ತು. ಕೆಲವು ದಿನಗಳಿಂದ ಅದು ನಡುಗಿರಲಿಲ್ಲ. ಗೋಡೆಯ ಮೇಲಿನ ಬುದ್ಧನ ಫೋಟೊದ ಕೆಳಗೆ ಸೋನಾಬಾಯಿ ಒಣದ್ರಾಕ್ಷಿಯನ್ನು ಅಂಗೈಯಲ್ಲಿ ಹಿಡಿದು ಒಂದೊಂದಾಗಿ ತಿನ್ನುತ್ತಿದ್ದರು. "ಯಾರ ಕೊಟ್ರು?" "ಕಾಗವಾಡದ ದ್ರೌಪದಕ್ಕ." ವಿಶ್ವಾಸ ರೊಟ್ಟಿ ಮುರಿಯುತ್ತ ತಲೆ ಎತ್ತಿದ. "ಆ ಬಾಯೀನ ಕೆಲಸದಿಂದ ತಗೀತಾರ ಅಂತಿದ್ದಿ. ಏನಾತು?" ಅವನು ಕೇಳಿದ್ದು ನಿಜವಾದ ಕಾಳಜಿಯಿಂದ. ಅವನಿಗಾದರೂ ಹೇಳಬಹುದಿತ್ತು. ಎರಡು ಗುಟುಕು ನೀರು ಕುಡಿಯುವಷ್ಟು ಹೊತ್ತು ಅವಳು ಯೋಚಿಸಿದಳು. ಅವನು ತಾನು ಕಲಿಸುವ ಶಾಲೆಯಲ್ಲಿ ಒಬ್ಬ ಗೆಳೆಯನಿಗೆ ಹೆಮ್ಮೆಯಿಂದ ಹೇಳುತ್ತಾನೆ. ಹೆಮ್ಮೆ ಬಾಯಿಗೆ ಬೀಗ ಹಾಕಿಕೊಳ್ಳುವುದಿಲ್ಲ. ಇಲ್ಲ, ಯಾರಿಗೂ ಇಲ್ಲ. ಇವನಿಗೂ, ಅವಳಿಗೂ, ಯಾರಿಗೂ ಎಂದೂ ಹೇಳುವುದಿಲ್ಲ.

"ತಗೀಲಿಲ್ಲ," ಎಂದಳು ಸರಿತಾ. ಸಾರಿನ ಪಾತ್ರೆಯಲ್ಲಿ ಸೌಟು ತಿರುಗಿಸುತ್ತ, ತನ್ನ ದನಿಯನ್ನು ಯಾರದೋ ದನಿಯಂತೆ ಕೇಳಿಸಿಕೊಳ್ಳುತ್ತ, ಉಳಿದದ್ದನ್ನೂ ಹೇಳಿದಳು. "ಅಕಿ ಕೈ ಮೊದಲ ಭಾಳ ಮಂದ ಇದ್ದುವಂತ. ಈಗ ಸುಧಾರಿಸ್ಯಾಳಂತ."